ಸಂಶೋಧನೆಗೆ ಗಾಡಿ ಕೊಡುವ ಮುನ್ನ

ಕಾಲೇಜು, ಸಂಶೋಧನಾ ಸಂಸ್ಥೆಗಳ ಯೋಜನೆಗಳಲ್ಲಿ ಸಣ್ಣ ಸಾಗಣೆದಾರರು ಸೇರಿಕೊಳ್ಳುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ನಮ್ಮದು ಎಂಟು ಲಾರಿ, ಹೆಚ್ಚಿನ ಓಡಾಟ ಹುಬ್ಬಳ್ಳಿ–ಅಂಕೋಲಾ ರಸ್ತೆಯಲ್ಲಿ. ಡೀಸೆಲ್ ಉಳಿಸುವ ಸಂಶೋಧನೆಗೆ ಆರು ಗಾಡಿ ಕೊಡಿ, ನಿಮ್ಮನ್ನೂ ಪಾಲುದಾರರಾಗಿ ಸೇರಿಸಿಕೊಳ್ಳುತ್ತೇವೆ ಅಂತ ಇಂಜಿನಿಯರಿಂಗ್ ಕಾಲೇಜಿನವರು ಬಂದಿದ್ದಾರೆ. ಸದ್ಯಕ್ಕೆ ಒಂದು ಸಪೋರ್ಟ್ ಲೆಟರ್‌ಗೆ ಸಹಿ ಹಾಕಿದರೆ ಸಾಕಂತೆ. ಹಾಕಬಹುದಾ?
– ಲಾರಿ ಮಾಲೀಕರು, ಹುಬ್ಬಳ್ಳಿ

ಉತ್ತರ: ಹಾಕಿ. ಆದರೆ ಪತ್ರವನ್ನು ನೀವೇ ಬರೆಯಿರಿ. 'ಸಂಪೂರ್ಣ ಸಹಕಾರ ನೀಡುತ್ತೇವೆ' ಎಂಬ ಒಂದೇ ಸಾಲಿನ ಪತ್ರ, ಹಣಕ್ಕಾಗಿ ಕಾಲೇಜು ಹಾಕುವ ಅರ್ಜಿಯನ್ನು ಪರಿಶೀಲಿಸುವವರಿಗೆ ಏನನ್ನೂ ಹೇಳುವುದಿಲ್ಲ, ನಾಳೆ ತಕರಾರು ಬಂದರೆ ನಿಮ್ಮ ಕೈಯನ್ನೂ ಹಿಡಿಯುವುದಿಲ್ಲ. ಎಷ್ಟು ಗಾಡಿ, ಯಾವ ಮಾಡೆಲ್, ಹೊಗೆ ಮಿತಿಯ ದರ್ಜೆ ಬಿಎಸ್-4 ಅಥವಾ ಬಿಎಸ್-6, ಯಾವ ರಸ್ತೆ, ಎಷ್ಟು ತಿಂಗಳು, ಸಂಶೋಧನೆಯ ಯಂತ್ರ ಕೂರಿಸಲು ಗಾಡಿ ಎಷ್ಟು ದಿನ ನಿಲ್ಲಬೇಕು, ಆ ದಿನಗಳ ಖರ್ಚು ಯಾರದು ಎಂಬುದನ್ನೆಲ್ಲ ಒಂದು ಪುಟದಲ್ಲಿ ಬರೆದುಕೊಡಿ.

ಲೋಡು ಹೊತ್ತು ಅರಬೈಲು ಘಟ್ಟ ಹತ್ತಿಳಿಯುವ ಗಾಡಿ, ಆ ರಸ್ತೆ ಬಲ್ಲ ಡ್ರೈವರ್, ವರ್ಷಗಟ್ಟಲೆಯ ಡೀಸೆಲ್ ಮತ್ತು ಟ್ರಿಪ್ ಲೆಕ್ಕ ಕಾಲೇಜಿನಲ್ಲಿ ಇರುವುದಿಲ್ಲ. ಇದಕ್ಕೆಲ್ಲ ಬೆಲೆಯಿದೆ, ಅದು ಅರ್ಜಿಯ ಬಜೆಟ್‌ನಲ್ಲೇ ಕಾಣಬೇಕು. ಹಣ ಮಂಜೂರಾದ ಮೇಲೆ ಹೊಸ ಬಾಬ್ತು ಸೇರಿಸುವುದು ಬಹಳ ಕಷ್ಟ. ಲೆಕ್ಕ ಹೀಗೆ ಹಾಕಿ: ಒಂದು ಲಾರಿಗೆ ತಿಂಗಳ ಕಂತು 52,000, ವಿಮೆ-ತೆರಿಗೆ-ಪರ್ಮಿಟ್‌ನ ತಿಂಗಳ ಪಾಲು 15,600, ಡ್ರೈವರ್ ಸಂಬಳ 26,000 ಎಂದಿಟ್ಟುಕೊಂಡರೆ ಒಟ್ಟು 93,600 ರೂಪಾಯಿ. 26 ದಿನಕ್ಕೆ ಭಾಗಿಸಿದರೆ, ನಿಂತ ಗಾಡಿಗೆ ದಿನಕ್ಕೆ 3,600 ಖರ್ಚು. ಯಂತ್ರ ಕೂರಿಸಲು ಒಂದೂವರೆ ದಿನ, ಕೊನೆಗೆ ಬಿಚ್ಚಲು ಅರ್ಧ ದಿನ ಹಿಡಿದರೂ ಆರು ಲಾರಿಗೆ 12 ದಿನ, ಅಂದರೆ 43,200 ರೂಪಾಯಿ. ಕೈತಪ್ಪಿದ ಬಾಡಿಗೆ ಇದರಲ್ಲಿ ಸೇರಿಲ್ಲ. ಎಫ್‌ಸಿಗೆ (ಗಾಡಿಯ ಅರ್ಹತಾ ಪತ್ರಕ್ಕೆ) ಅಥವಾ ಸರ್ವಿಸ್‌ಗೆ ಗಾಡಿ ಹೇಗೂ ನಿಲ್ಲುವ ದಿನವೇ ಕೆಲಸ ಇಟ್ಟುಕೊಂಡರೆ ಈ ಮೊತ್ತ ಇಳಿಯುತ್ತದೆ.

ಇನ್ನು ವೈರಿಂಗ್. ತೊಂದರೆ ಹೆಚ್ಚಾಗಿ ಶುರುವಾಗುವುದೇ ಇಲ್ಲಿ. ದೊಡ್ಡ ಲಾರಿಗಳದು ಎರಡು 12 ವೋಲ್ಟ್ ಬ್ಯಾಟರಿಯನ್ನು ಸಾಲಾಗಿ ಜೋಡಿಸಿದ 24 ವೋಲ್ಟ್ ವ್ಯವಸ್ಥೆ. ವಿದ್ಯಾರ್ಥಿಗಳು ಕಾರಿಗೆಂದು ಮಾಡಿದ 12 ವೋಲ್ಟಿನ ಯಂತ್ರ ತಂದು, ಎರಡರಲ್ಲಿ ಒಂದೇ ಬ್ಯಾಟರಿಯಿಂದ ಕರೆಂಟು ಎಳೆಯುವುದುಂಟು. ಕೆಲವು ವಾರ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆಮೇಲೆ ಆ ಬ್ಯಾಟರಿ ಸದಾ ಅರೆಹೊಟ್ಟೆಯಲ್ಲಿ ಉಳಿದು, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ಎರಡೂ ಹಾಳಾಗುತ್ತವೆ. 9ರಿಂದ 36 ವೋಲ್ಟ್‌ವರೆಗೆ ತಡೆದುಕೊಳ್ಳುವ ಯಂತ್ರವೇ ಇರಲಿ, ಅದಕ್ಕೆ ಪ್ರತ್ಯೇಕ ಫ್ಯೂಸ್ ಇರಲಿ, ಇಗ್ನಿಷನ್ ಆಫ್ ಆದ ಮೇಲೆ ಯಂತ್ರ ತಾನೂ ಮಲಗಲಿ. ಇಂಜಿನ್ ಮಾಹಿತಿ ಓದಲು ವೈರು ಕತ್ತರಿಸಿ ಜೋಡಿಸುವುದಕ್ಕೆ ಒಪ್ಪಬೇಡಿ. ಡಯಾಗ್ನೋಸ್ಟಿಕ್ ಸಾಕೆಟ್‌ಗೆ ಕವಲು ಕೇಬಲ್ ಹಾಕಬಹುದು, ಅಥವಾ ವೈರಿನ ಹೊದಿಕೆಯ ಮೇಲಿಂದಲೇ ಸಂಕೇತ ಓದುವ ಕ್ಲಿಪ್ ಸಿಗುತ್ತದೆ. ಬಿಎಸ್-6 ಗಾಡಿಯ ವೈರಿಂಗ್ ಕತ್ತರಿಸಿದರೆ ವಾರಂಟಿಗೆ ಕುತ್ತು. ಡೀಸೆಲ್ ಪೈಪ್ ಅಥವಾ ಇಂಜಿನ್ ಭಾಗವನ್ನೇ ಬದಲಿಸುವ ಪ್ರಸ್ತಾಪವಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ: ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಕೂಡದು. ಅಂಥ ಪ್ರಯೋಗಕ್ಕೆ ಅನುಮತಿ ತರುವುದು ಕಾಲೇಜಿನ ಕೆಲಸ ಎಂದು ಕರಾರಿನಲ್ಲಿ ಬರೆಸಿ. ವಿಮಾ ಕಂಪನಿಗೂ ಮೊದಲೇ ಲಿಖಿತವಾಗಿ ತಿಳಿಸಿ.

ಕೊನೆಯದು ಮೈಲೇಜ್ ಅಳತೆ. ಟ್ಯಾಂಕ್ ಫುಲ್ ಮಾಡಿಸುವಾಗ ಐದು ಲೀಟರ್ ಹೆಚ್ಚುಕಡಿಮೆ ಆಗುವುದು ಸಹಜ: ಗಾಡಿ ವಾಲಿ ನಿಂತಿರಬಹುದು, ನೊರೆ ಬಂದು ಪಂಪು ಬೇಗ ಕಟ್ ಆಗಿರಬಹುದು. 200 ಲೀಟರಿನ ಒಂದೇ ಭರ್ತಿ ನೋಡಿದರೆ ಅದು ಶೇ 2.5ರ ತಪ್ಪು. ಹುಡುಕುತ್ತಿರುವ ಉಳಿತಾಯವೇ ಶೇ 3 ಇದ್ದರೆ ಅಂಥ ಅಳತೆಯಿಂದ ಏನೂ ತಿಳಿಯದು. ಅದೇ ಹತ್ತು ಭರ್ತಿ ಸೇರಿಸಿ 2,000 ಲೀಟರ್ ಲೆಕ್ಕ ಹಾಕಿ. ನಡುವಿನ ತಪ್ಪುಗಳು ಒಂದಕ್ಕೊಂದು ಹೊಡೆದುಹೋಗುತ್ತವೆ, ಏಕೆಂದರೆ ಈ ಸಲ ಕಡಿಮೆ ಹಿಡಿದದ್ದು ಮುಂದಿನ ಸಲ ಹೆಚ್ಚು ಹಿಡಿಯುತ್ತದೆ. ಮೊದಲ ಮತ್ತು ಕೊನೆಯ ಭರ್ತಿಯ ತಪ್ಪು ಮಾತ್ರ ಉಳಿಯುತ್ತದೆ. ಹಾಗಾಗಿ ಆ ಎರಡನ್ನು ಒಂದೇ ಬಂಕ್‌ನಲ್ಲಿ, ಒಂದೇ ಪಂಪಿನಲ್ಲಿ, ಸಮತಟ್ಟು ನೆಲದಲ್ಲಿ ಮಾಡಿಸಿ. ಜೊತೆಗೆ ಪ್ರತಿ ಟ್ರಿಪ್ಪಿನ ವೇಬ್ರಿಡ್ಜ್ ಚೀಟಿ, ವಾರಕ್ಕೊಮ್ಮೆ ತಣ್ಣಗಿರುವ ಟೈರಿನ ಗಾಳಿಯ ಅಳತೆ, ಗಾಡಿ ಓಡಿಸಿದ ಡ್ರೈವರ್ ಹೆಸರು ದಾಖಲಾಗಲಿ. ಯಂತ್ರ ಹಾಕದ ಎರಡು ಲಾರಿ ಅದೇ ರಸ್ತೆಯಲ್ಲಿ ಅದೇ ದಿನಗಳಲ್ಲಿ ಓಡಲೇಬೇಕು. ಮಳೆಗಾಲದ ಓಟವನ್ನು ಬೇಸಿಗೆಯ ಓಟಕ್ಕೆ ಹೋಲಿಸಿ 'ಉಳಿತಾಯ' ಎಂದರೆ ಯಾರೂ ನಂಬಬಾರದು. ನಿಮ್ಮ ಎಂಟರಲ್ಲಿ ಉಳಿಯುವ ಎರಡು ಗಾಡಿಗೆ ಇದೇ ಕೆಲಸ, ಅವೂ ಕರಾರಿನಲ್ಲಿ ಇರಲಿ.

ನಿಮಗೆ ಲಾಭವೇನು ಎಂದರೆ, ಯೋಜನೆ ಸೋತರೂ ಪ್ರತಿ ಲಾರಿಯ, ಪ್ರತಿ ಡ್ರೈವರನ ನಿಜವಾದ ಮೈಲೇಜ್ ನಿಮ್ಮ ಕೈಗೆ ಸಿಗುತ್ತದೆ.

ಪ್ರಶ್ನೆ: ಕ್ಯಾಬಿನ್ನಿನಲ್ಲಿ ಕ್ಯಾಮೆರಾ ಇಡುತ್ತಾರೆಂದು ನಮ್ಮ ಡ್ರೈವರ್‌ಗಳು ಬೇಡ ಅಂತಿದ್ದಾರೆ. ನಮಗೂ ಬಾಡಿಗೆ ದರ, ಪಾರ್ಟಿಗಳ (ಸರಕಿನ ಗಿರಾಕಿಗಳ) ಹೆಸರು ಹೊರಗೆ ಹೋಗುವ ಭಯ. ಏನು ಮಾಡೋದು?
– ಟ್ರಾನ್ಸ್‌ಪೋರ್ಟ್ ನಡೆಸುವವರು, ದಾವಣಗೆರೆ

ಉತ್ತರ: ಡ್ರೈವರ್‌ಗಳ ಆತಂಕ ನ್ಯಾಯವಾದದ್ದು. ಮುಖದ ವಿಡಿಯೊ ಅವರ ವೈಯಕ್ತಿಕ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯ ಮೂಲ ತತ್ವವೇ ಏನು ಸಂಗ್ರಹಿಸುತ್ತಾರೆ, ಯಾವ ಉದ್ದೇಶಕ್ಕೆ ಎಂದು ಮುಂಚೆ ತಿಳಿಸಿ ಒಪ್ಪಿಗೆ ಪಡೆಯಬೇಕೆಂಬುದು. ಕೊಟ್ಟ ಒಪ್ಪಿಗೆಯನ್ನು ಹಿಂದೆಗೆದುಕೊಳ್ಳುವ ಹಕ್ಕೂ ಅದರಲ್ಲಿದೆ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಓದಿ ಹೇಳಲಿ. ಇಷ್ಟನ್ನು ಸ್ಪಷ್ಟವಾಗಿ ಬರೆಸಿ: ಈ ಮಾಹಿತಿಯಿಂದ ಯಾರ ಸಂಬಳವನ್ನೂ ಕಡಿಯುವುದಿಲ್ಲ, ಕೆಲಸದಿಂದ ತೆಗೆಯುವುದಿಲ್ಲ. ಈ ಮಾತನ್ನು ಮಾಲೀಕರಾದ ನೀವೇ ಪಾಲಿಸಬೇಕು. ಮುರಿದರೆ ಡ್ರೈವರ್ ಕ್ಯಾಮೆರಾಗೆ ಟವೆಲ್ ಮುಚ್ಚುತ್ತಾನೆ, ಸಂಶೋಧನೆ ಅಲ್ಲಿಗೇ ನಿಲ್ಲುತ್ತದೆ. ಯಂತ್ರದತ್ತ ಗಮನ ಕೊಡಲು ದಿನಕ್ಕಿಷ್ಟು ಎಂದು ಹೆಚ್ಚುವರಿ ಭತ್ತೆಯನ್ನೂ ಬಜೆಟ್‌ನಲ್ಲಿ ಕೇಳಿ.

ವ್ಯಾಪಾರದ ಗುಟ್ಟಿಗೆ ಸುಲಭ ದಾರಿ ಇದೆ. ಎಲ್‌ಆರ್ (ಸರಕಿನ ಲಾರಿ ರಸೀದಿ) ಪ್ರತಿ ಕೊಡಬೇಡಿ. ದಿನಾಂಕ, ತೂಕ, ದೂರ ಇರುವ ಪಟ್ಟಿ ಮಾಡಿಕೊಡಿ. ಗಾಡಿ ನಂಬರಿನ ಬದಲು ಗುರುತು ಸಂಖ್ಯೆ ಹಾಕಿ. ಜಿಪಿಎಸ್ ದಾಖಲೆಯಲ್ಲಿ ಲೋಡಿಂಗ್ ಮತ್ತು ಅನ್‌ಲೋಡಿಂಗ್ ಜಾಗದ ಸುತ್ತಲಿನ ಒಂದು ಕಿಲೋಮೀಟರ್ ಅಳಿಸಿದರೆ ಪಾರ್ಟಿ ಯಾರೆಂದು ಸುಲಭಕ್ಕೆ ತಿಳಿಯದು, ಮೈಲೇಜ್ ಅಧ್ಯಯನಕ್ಕೂ ದೊಡ್ಡ ನಷ್ಟವಿಲ್ಲ. ಲೇಖನ ಪ್ರಕಟಿಸುವ 30 ದಿನ ಮೊದಲು ನಿಮಗೆ ತೋರಿಸಬೇಕೆಂಬ ಷರತ್ತು ಹಾಕಿ.

ಪೇಟೆಂಟ್ ಬಗ್ಗೆ ಒಂದು ಮಾತು. 'ಇಬ್ಬರಿಗೂ ಸಮಪಾಲು' ಎಂದು ಬರೆದು ಮುಗಿಸುವವರೇ ಹೆಚ್ಚು. ಪೇಟೆಂಟ್ ಕಾಯ್ದೆಯ 50ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಸಹ-ಮಾಲೀಕರು ತಮ್ಮ ಬಳಕೆಗೆ ಅದನ್ನು ಉಪಯೋಗಿಸಬಹುದು. ಆದರೆ ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ಲೈಸೆನ್ಸ್ ಕೊಡುವಂತಿಲ್ಲ. ಒಬ್ಬರು ಹಟ ಹಿಡಿದರೆ ಎಲ್ಲ ನಿಂತಂತೆ. ಸಣ್ಣ ಸಾಗಣೆದಾರರಿಗೆ ಹೆಚ್ಚು ಅನುಕೂಲದ್ದು, ಹಕ್ಕನ್ನು ಕಾಲೇಜಿಗೇ ಬಿಟ್ಟು, ತಮ್ಮ ಗಾಡಿಗಳಲ್ಲಿ ಅದನ್ನು ಶಾಶ್ವತವಾಗಿ ಉಚಿತವಾಗಿ ಬಳಸುವ ಅನುಮತಿಯನ್ನು ಬರಹದಲ್ಲಿ ಪಡೆಯುವುದು.

ಪ್ರಶ್ನೆ: ನಾವು ಇಪ್ಪತ್ತು ಜನ ಗೂಡ್ಸ್ ಟೆಂಪೊ ಮಾಲೀಕರ ಸಂಘ. ನಮ್ಮನ್ನು ಯಾರೂ ಕರೆದಿಲ್ಲ. ನಾವಾಗಿಯೇ ಹೋಗುವುದಾದರೆ ಎಲ್ಲಿಂದ ಶುರು ಮಾಡಬೇಕು?
– ಸಂಘದ ಕಾರ್ಯದರ್ಶಿ, ತುಮಕೂರು

ಉತ್ತರ: ಮೊದಲು ಪ್ರತಿಯೊಬ್ಬರೂ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಮಾಡಿಸಿ. ಅದು ಉಚಿತ, ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಆಗುತ್ತದೆ, ಏಜೆಂಟರಿಗೆ ದುಡ್ಡು ಕೊಡಬೇಡಿ. ಅದರಲ್ಲಿ ತುಂಬಬೇಕಾದ ರಸ್ತೆ ಸರಕು ಸಾಗಣೆಯ ಸಂಕೇತ 49231. 2025ರ ಏಪ್ರಿಲ್ 1ರಿಂದ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ಮೀರದವರೆಲ್ಲ ಸೂಕ್ಷ್ಮ ಉದ್ದಿಮೆಗಳೇ.

ಆಮೇಲೆ ಸಮಸ್ಯೆಯನ್ನು ಒಂದು ಪುಟದಲ್ಲಿ ಅಂಕಿಗಳೊಂದಿಗೆ ಬರೆಯಿರಿ. 'ಡೀಸೆಲ್ ದುಬಾರಿ' ಎಂದರೆ ಯಾವ ಪ್ರಾಧ್ಯಾಪಕರೂ ಏನೂ ಮಾಡಲಾರರು. ಇಪ್ಪತ್ತು ಗಾಡಿಗಳ ಎರಡು ತಿಂಗಳ ಖಾಲಿ ಓಟದ ಕಿಲೋಮೀಟರ್, ಮಾರುಕಟ್ಟೆಯಲ್ಲಿ ಕಾದ ಗಂಟೆಗಳನ್ನು ಮುಂದಿಟ್ಟರೆ ಅದು ಸಂಶೋಧನೆಯ ಪ್ರಶ್ನೆಯಾಗುತ್ತದೆ. ಕಡಿಮೆ ಖರ್ಚಿನ ಮೊದಲ ಮೆಟ್ಟಿಲು, ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಅಂತಿಮ ವರ್ಷದ ಪ್ರಾಜೆಕ್ಟ್. ಬೆಂಗಳೂರಿನ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇಂಥ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಕಾಲೇಜಿನ ಮೂಲಕ ಸಣ್ಣ ಮೊತ್ತದ ನೆರವು ಕೊಡುತ್ತದೆ. ಅಲ್ಲಿ ಫಲ ಕಂಡರೆ ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯ ಸಾರಿಗೆ ವಿಭಾಗದಂಥ ಕಡೆ ಹೋಗಲು ಕೈಯಲ್ಲಿ ದಾಖಲೆ ಇರುತ್ತದೆ. ಕೇಂದ್ರದ ಎಂಎಸ್‌ಎಂಇ ಇನ್ನೊವೇಟಿವ್ ಯೋಜನೆಯಲ್ಲಿ ಒಂದು ಆಲೋಚನೆಗೆ 15 ಲಕ್ಷ ರೂಪಾಯಿವರೆಗೆ ನೆರವಿದೆ, ಆದರೆ ಅದಕ್ಕೆ ಮಾನ್ಯತೆ ಪಡೆದ ಆತಿಥೇಯ ಸಂಸ್ಥೆಯ ಮೂಲಕವೇ ಹೋಗಬೇಕು.

ಹಣ ತಡವಾಗುತ್ತದೆ, ಇದಕ್ಕೆ ಸಿದ್ಧರಿರಿ. ಸರ್ಕಾರಿ ಅನುದಾನದಲ್ಲಿ ಸಾಮಾನ್ಯವಾಗಿ ಮೊದಲ ಕಂತಿನ ಬಳಕೆ ಪ್ರಮಾಣಪತ್ರ (ಹಣ ಹೇಗೆ ಖರ್ಚಾಯಿತೆಂಬ ಲೆಕ್ಕ) ಹೋದ ಮೇಲಷ್ಟೇ ಎರಡನೆಯದು ಬರುತ್ತದೆ. ನಿಮ್ಮ ಗಾಡಿ ನಿಲ್ಲುವ ದಿನಗಳ ಖರ್ಚನ್ನು ಮೊದಲ ಕಂತಿನಲ್ಲೇ ತೋರಿಸಲು ಹೇಳಿ.

ಪ್ರಶ್ನೆ: ಜರ್ಮನಿಯಲ್ಲಿ ನಾಲ್ಕು ವ್ಯಾನಿನ ಡೆಲಿವರಿ ಸಂಸ್ಥೆ ನಡೆಸುತ್ತಿದ್ದೇನೆ. ಐರೋಪ್ಯ ಒಕ್ಕೂಟದ ಸಂಶೋಧನಾ ಯೋಜನೆಗಳಲ್ಲಿ ನನ್ನಂಥವರಿಗೆ ಜಾಗ ಇದೆಯೇ?
– ಓದುಗರು, ಸ್ಟುಟ್‌ಗಾರ್ಟ್

ಉತ್ತರ: ಇದೆ. 2021–27ರ ಹೊರೈಜನ್ ಯೂರೋಪ್ ಕಾರ್ಯಕ್ರಮದಲ್ಲಿ ಸಾರಿಗೆ ವಿಷಯ ಐದನೇ ಗುಂಪಿನಲ್ಲಿ ಬರುತ್ತದೆ. ಸಹಯೋಗದ ಯೋಜನೆಗೆ ಸಾಮಾನ್ಯವಾಗಿ ಮೂರು ದೇಶಗಳ ಮೂರು ಸ್ವತಂತ್ರ ಸಂಸ್ಥೆಗಳಾದರೂ ಬೇಕು. ಸಂಶೋಧನೆಯ ಬಗೆಯ ಯೋಜನೆಗೆ ಖರ್ಚಿನ ಶೇ 100ರವರೆಗೆ ಸಿಗುತ್ತದೆ. ಬಳಕೆಗೆ ಹತ್ತಿರವಾದ ನಾವೀನ್ಯ ಯೋಜನೆಯಲ್ಲಿ ಲಾಭದ ಸಂಸ್ಥೆಗಳಿಗೆ ಶೇ 70, ಉಳಿದ ಶೇ 30 ನಿಮ್ಮ ಜೇಬಿನದು. ಸಹಿ ಹಾಕುವ ಮೊದಲು ಯಾವ ಬಗೆಯದೆಂದು ಕೇಳಿ. ಸಂಬಳ ತೆಗೆದುಕೊಳ್ಳದ ಸಣ್ಣ ಸಂಸ್ಥೆಯ ಮಾಲೀಕರ ದುಡಿಮೆಗೂ ನಿಗದಿತ ದರವಿದೆ, ಬಹಳಷ್ಟು ಜನ ಇದನ್ನು ಕೇಳದೆ ಬಿಡುತ್ತಾರೆ.

ನಾಲ್ಕು ವ್ಯಾನಿನವರು ನೇರವಾಗಿ ದೊಡ್ಡ ಕೂಟ ಸೇರುವುದಕ್ಕಿಂತ, ನಡೆಯುತ್ತಿರುವ ಯೋಜನೆಗಳು ಮೂರನೆಯವರಿಗೆ ಹಂಚುವ ಸಣ್ಣ ಅನುದಾನ ಹುಡುಕುವುದು ಒಳ್ಳೆಯದು. ಮಿತಿ ಸಾಮಾನ್ಯವಾಗಿ 60,000 ಯೂರೊ, ಅರ್ಜಿ ಚಿಕ್ಕದು, ಉತ್ತರವೂ ಬೇಗ. ದೊಡ್ಡ ಅರ್ಜಿಯಾದರೆ ಕೊನೆಯ ದಿನಾಂಕದಿಂದ ಒಪ್ಪಂದದ ಸಹಿಗೆ ಎಂಟು ತಿಂಗಳು ಹಿಡಿಯುತ್ತದೆ. ಈ ಕಾರ್ಯಕ್ರಮದ ಬಗ್ಗೆ ಮಾರ್ಗದರ್ಶನ ನೀಡುವ ಜರ್ಮನಿಯ ರಾಷ್ಟ್ರೀಯ ಸಂಪರ್ಕ ಕೇಂದ್ರಗಳ ಸಲಹೆ ಉಚಿತ. ಮೊದಲ ಭೇಟಿಗೆ ವ್ಯಾನುಗಳ ಪಟ್ಟಿ, ದಿನದ ಸರಾಸರಿ ಡೆಲಿವರಿ ಸಂಖ್ಯೆ, ಕಳೆದ ಎರಡು ವರ್ಷದ ಲೆಕ್ಕಪತ್ರ ಒಯ್ಯಿರಿ.