ಐದು ಸೋಲೋ, ಎರಡೋ: ಏರಿಯಾನ್ 5ರ ಲೆಕ್ಕ

ಮಾನ್ಯರೇ,

ಯುರೋಪಿನ ಏರಿಯಾನ್ 5 ರಾಕೆಟ್ಟಿನ ಸೋಲುಗಳು ಒಂದೆಡೆ ಎರಡೆಂದೂ ಇನ್ನೊಂದೆಡೆ ಐದೆಂದೂ ಇರುವುದನ್ನು ತೋರಿಸಿ, ಯಾರು ಬೇಕಾದರೂ ತಿದ್ದಬಹುದಾದ ವಿಕಿಪೀಡಿಯವನ್ನು ನಮ್ಮ ಲೇಖಕರು ಏಕೆ ನೋಡಬೇಕು, ತಯಾರಕರು ಕೊಡುವ ಅಂಕಿಗಳೇ ಸಾಲದೇ ಎಂದು ಕೇಳಿದ್ದೀರಿ.

ಎರಡೂ ಸಂಖ್ಯೆಗಳು 1996ರಿಂದ 2023ರವರೆಗಿನ ಅದೇ 117 ಉಡಾವಣೆಗಳಿಂದ ಬಂದವು. 1996 ಮತ್ತು 2002ರ ಸೋಲುಗಳ ಬಗ್ಗೆ ತಕರಾರಿಲ್ಲ. ತಕರಾರಿರುವುದು ರಾಕೆಟ್ ಸಿಡಿಯದೆಯೂ ಉಪಗ್ರಹಗಳು ಉದ್ದೇಶಿತ ಕಕ್ಷೆಗೆ ಸೇರದ 1997, 2001 ಮತ್ತು 2018ರ ಹಾರಾಟಗಳ ಬಗ್ಗೆ. 2001ರ ಜುಲೈನಲ್ಲಿ ರಾಕೆಟ್ಟಿನ ಮೇಲಿನ ಹಂತ ಸಾಕಷ್ಟು ವೇಗ ಕೊಡದೆ ಹೋದಾಗ, ಯುರೋಪಿನ ಆರ್ಟೆಮಿಸ್ ಉಪಗ್ರಹವು ಮೊದಲು ತನ್ನದೇ ಇಂಧನ ಉರಿಸಿ, ಆಮೇಲೆ ವಿದ್ಯುತ್ತಿನಿಂದ ಮೆಲ್ಲನೆ ತಳ್ಳುವ ಪುಟ್ಟ ಅಯಾನು ಎಂಜಿನ್ನುಗಳ ಬಲದಿಂದ ಸುಮಾರು ಒಂದೂವರೆ ವರ್ಷ ತೆವಳಿ ತನ್ನ ಸ್ಥಾನ ಮುಟ್ಟಿತು. ಜೊತೆಗೆ ಹೋಗಿದ್ದ ಜಪಾನಿನ ಉಪಗ್ರಹ ಕೈತಪ್ಪಿಯೇ ಹೋಯಿತು. ಒಂದೇ ಹಾರಾಟದ ಬಗ್ಗೆ ಈ ಇಬ್ಬರು ಮಾಲೀಕರನ್ನು ಕೇಳಿದರೆ ಒಂದೇ ಉತ್ತರ ಬಂದೀತೇ? ಇಂಥವನ್ನು ಭಾಗಶಃ ಸೋಲೆಂದು ಬೇರೆಯಾಗಿ ಬರೆದರೆ ಎರಡು ಸೋಲು, ಒಟ್ಟಿಗೆ ಸೇರಿಸಿದರೆ ಐದು. ಯಶಸ್ಸಿನ ಪ್ರಮಾಣ ಶೇ. 98ರಿಂದ 96ರ ಆಸುಪಾಸಿಗೆ ಇಳಿಯುತ್ತದೆ.

ತಯಾರಕರ ಅಂಕಿಗಳನ್ನೇ ನಂಬೋಣವೆಂದರೆ, ತಮ್ಮ ಪರೀಕ್ಷೆಯ ಉತ್ತರಪತ್ರಿಕೆಯನ್ನು ತಾವೇ ತಿದ್ದುವವರು ಅವರು. 2016ರ ಸೆಪ್ಟೆಂಬರ್ 1ರಂದು ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ ಪರೀಕ್ಷೆಗಾಗಿ ಇಂಧನ ತುಂಬುವಾಗಲೇ ಆಮೋಸ್-6 ಉಪಗ್ರಹದೊಂದಿಗೆ ಸುಟ್ಟುಹೋಯಿತು. ಅದು ಉಡಾವಣೆಯೇ ಅಲ್ಲವಾದ್ದರಿಂದ ಉಡಾವಣೆಯ ಸೋಲುಗಳಲ್ಲಿ ಸೇರುವುದಿಲ್ಲ. ನಿಯಮದ ಪ್ರಕಾರ ಇದು ಸರಿ, ಉಪಗ್ರಹ ಕಳೆದುಕೊಂಡವರಿಗೆ ಮಾತ್ರ ಸಮಾಧಾನವಿಲ್ಲ.

ವಿಕಿಪೀಡಿಯದ ಪುಟದಲ್ಲಿ ನಾವು ನೆಚ್ಚುವುದು ಪ್ರತಿ ಹಾರಾಟಕ್ಕೂ ಆಧಾರ ಕೊಟ್ಟಿರುವ ಪಟ್ಟಿಯನ್ನು, ಮತ್ತು ಯಾವ ಸಾಲನ್ನು ಯಾವಾಗ ತಿದ್ದಲಾಯಿತೆಂದು ತೋರಿಸುವ ಇತಿಹಾಸವನ್ನು. ಪುಟದ ಮೇಲ್ಭಾಗದ ಚೌಕದಲ್ಲಿರುವ ಒಟ್ಟು ಮೊತ್ತವನ್ನು ನಾವು ಎತ್ತಿಕೊಳ್ಳುವುದಿಲ್ಲ, ಏಕೆಂದರೆ ಹೊಸ ಹಾರಾಟವೊಂದು ಪಟ್ಟಿಗೆ ಸೇರಿದರೂ ಮೊತ್ತ ಹಳೆಯದೇ ಉಳಿದಿರಬಹುದು. ಆಧಾರವೆಂದು ತೋರಿಸಿದ ವರದಿಯೇ ಆ ಪುಟದಿಂದ ನಕಲಾಗಿರುವ ಅಪಾಯವೂ ಉಂಟು. ಆದ್ದರಿಂದ ವಿವಾದವಿರುವ ಹಾರಾಟಗಳಿಗೆ ತನಿಖಾ ಸಮಿತಿಯ ಹೇಳಿಕೆಯವರೆಗೂ ಹೋಗುತ್ತೇವೆ.

ಇನ್ನು, ಹತ್ತಕ್ಕೆ ಹತ್ತು ಗೆದ್ದ ಹೊಸ ರಾಕೆಟ್ಟನ್ನು ಏರಿಯಾನಿಗಿಂತ ಮೇಲೆಂದು ನೀವು ಬರೆದಿದ್ದೀರಿ. ಗೆಲುವಿಗೆ ಒಂದನ್ನೂ ಒಟ್ಟು ಹಾರಾಟಕ್ಕೆ ಎರಡನ್ನೂ ಕೂಡಿಸಿ ಭಾಗಿಸುವ ಫ್ರೆಂಚ್ ಗಣಿತಜ್ಞ ಲಾಪ್ಲಾಸನ ಹಳೆಯ ಸೂತ್ರದಂತೆ, ಅದರ ಮುಂದಿನ ಹಾರಾಟ ಗೆಲ್ಲುವ ಸಾಧ್ಯತೆ ಹನ್ನೆರಡರಲ್ಲಿ ಹನ್ನೊಂದು, ಅಂದರೆ ಶೇ. 92ಕ್ಕಿಂತ ತುಸು ಕಡಿಮೆ. ಐದೂ ಸೋಲುಗಳನ್ನು ಹೊರಿಸಿದರೂ ಏರಿಯಾನ್ 5 ಇದೇ ಸೂತ್ರದಲ್ಲಿ ಹೆಚ್ಚುಕಡಿಮೆ ಶೇ. 95 ಮುಟ್ಟುತ್ತದೆ.

— ಸಂಪಾದಕ