ಫುಟ್ಬಾಲ್ ಮೈದಾನದಲ್ಲಿ ಬೇಸಗೆಯ ಗಾನಮೇಳ ನಡೆಸಬಹುದೇ?

ನಡೆಸಬಹುದು, ಆದರೆ ಏಪ್ರಿಲ್ ಮಧ್ಯದೊಳಗೆ ಮುಗಿಸಿ. ಮೇ ಕೊನೆಗಂತೂ ಬೇಡವೇ ಬೇಡ. ಕಾಸರಗೋಡಿನಲ್ಲಿ ಸಾಮಾನ್ಯವಾಗಿ ಜೂನ್ ಮೊದಲ ವಾರಕ್ಕೆ ಮಳೆ ಹಿಡಿಯುತ್ತದೆ, ಅಷ್ಟರೊಳಗೆ ಹುಲ್ಲು ಚೇತರಿಸಿಕೊಳ್ಳಲು ಐದಾರು ವಾರ ಸಿಗಬೇಕು.

ಜನ ತುಳಿದದ್ದರಿಂದ ಆಗುವ ಹಾನಿ ಸಣ್ಣದು. ಗರಿಕೆ ಜಾತಿಯ ಹುಲ್ಲು ನೆಲಕ್ಕೆ ಹಬ್ಬಿದ ಬಳ್ಳಿಯಿಂದ ಮತ್ತೆ ಚಿಗುರುತ್ತದೆ. ದೊಡ್ಡ ಪೆಟ್ಟು ಬೀಳುವುದು ಮಣ್ಣಿಗೆ. ವೇದಿಕೆ, ಜನರೇಟರ್, ಲಾರಿಗಳ ಭಾರಕ್ಕೆ ಮಣ್ಣು ಅಮುಕಿ, ಗಾಳಿಯಾಡುವ ಸಂದುಗಳು ಮುಚ್ಚಿಹೋಗುತ್ತವೆ. ಆಮೇಲೆ ಬೇರಿಗೆ ಗಾಳಿಯಿಲ್ಲ, ಮಳೆನೀರು ಇಂಗುವುದೂ ಇಲ್ಲ. ಜೂನ್‌ನಲ್ಲಿ ಗೋಲಿನ ಮುಂದೆ ಕೆಸರು ನಿಲ್ಲುತ್ತದೆ. ಒದ್ದೆ ಮಣ್ಣು ಇನ್ನೂ ಬೇಗ ಅಮುಕುವುದರಿಂದ ಎರಡು ದಿನ ಮೊದಲೇ ನೀರು ಹಾಯಿಸುವುದನ್ನು ನಿಲ್ಲಿಸಿ. ವೇದಿಕೆ ಗೋಲಿನ ಹಿಂದೆ, ಗೆರೆಯ ಹೊರಗಿರಲಿ. ಲಾರಿ ಹುಲ್ಲಿಗೆ ಇಳಿಯಲೇಬಾರದು. ಟಾರ್ಪಾಲು ಹಾಸಿದ್ದರೆ ಅದೇ ರಾತ್ರಿ ಎತ್ತಿಬಿಡಿ, ಮರುದಿನದ ಬಿಸಿಲಿಗೆ ಅದರಡಿಯ ಹುಲ್ಲು ಬೆಂದು ಹಳದಿಯಾಗುತ್ತದೆ.

ಕಾರ್ಯಕ್ರಮ ಮುಗಿದ ಮೇಲೆ ಮೊಳೆ, ಬಾಟಲಿ ಮುಚ್ಚಳಗಳನ್ನು ಒಂದೂ ಬಿಡದೆ ಹೆಕ್ಕಿ. ಬರಿಗಾಲಲ್ಲಿ ಆಡುವ ಮಕ್ಕಳಿದ್ದಾರೆ. ಧಾರಾಳ ನೀರು ಕೊಟ್ಟು, ಗಟ್ಟಿಯಾದ ಕಡೆ ಕಬ್ಬಿಣದ ಸರಳಿನಿಂದ ನಾಲ್ಕೈದು ಇಂಚು ಆಳಕ್ಕೆ ಒತ್ತೊತ್ತಾಗಿ ಚುಚ್ಚಿ, ತೂತುಗಳಿಗೆ ತೊಳೆದ ಮರಳು ತುಂಬಿಸಿ. ಉಪ್ಪಿರುವ ಕಡಲ ಮರಳು ಬೇಡ. ಇದಕ್ಕೆಲ್ಲ ತಗಲುವ ಹಣವನ್ನು ಸಂಘಟಕರಿಂದ ಮೊದಲೇ ಠೇವಣಿಯಾಗಿ ಪಡೆಯದೆ ಮೈದಾನ ಬಿಟ್ಟುಕೊಡಬೇಡಿ.