ಥೈರಾಯ್ಡ್ ಮಾತ್ರೆ ಜಾಸ್ತಿ ಮಾಡಿದರೆ ತೂಕ ಇಳಿಯುತ್ತದೆಯೇ?

ಪ್ರಶ್ನೆ: ನನಗೆ 38 ವರ್ಷ. ಹೈಪೋಥೈರಾಯ್ಡ್ (ಥೈರಾಯ್ಡ್ ಹಾರ್ಮೋನ್ ಕೊರತೆ) ಇದೆ ಎಂದು ಗೊತ್ತಾಗುವಷ್ಟರಲ್ಲಿ 9 ಕೆ.ಜಿ. ಏರಿದ್ದೆ. ಒಂದು ವರ್ಷದಿಂದ 75 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್ ಮಾತ್ರೆ) ತೆಗೆದುಕೊಳ್ಳುತ್ತಿದ್ದೇನೆ. ಈಗ ಟಿಎಸ್‌ಎಚ್ (ಥೈರಾಯ್ಡ್ ಮಟ್ಟ ಹೇಗಿದೆ ಎಂದು ತಿಳಿಸುವ ರಕ್ತ ಪರೀಕ್ಷೆ) 2.4 ಇದೆ, ಅಂದರೆ ನಾರ್ಮಲ್. ಇಳಿದದ್ದು ಮಾತ್ರ ಬರೀ 3 ಕೆ.ಜಿ. ಡೋಸ್ 100ಕ್ಕೆ ಏರಿಸಿಕೊಂಡರೆ ಉಳಿದದ್ದೂ ಇಳಿಯುತ್ತದೆಯೇ, ಡಾಕ್ಟರೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಮಾತ್ರೆ ತನ್ನ ಕೆಲಸವನ್ನು ಆಗಲೇ ಮಾಡಿದೆ. ಬರೀ ಥೈರಾಯ್ಡ್ ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ 2ರಿಂದ 5 ಕೆ.ಜಿ. ಅದರಲ್ಲೂ ಬಹುಪಾಲು ಮೈಯಲ್ಲಿ ನಿಂತ ಉಪ್ಪು ಮತ್ತು ನೀರು; ಕೊಬ್ಬು ಕಡಿಮೆ. ನಿಮಗೆ ಇಳಿದ 3 ಕೆ.ಜಿ. ಬಹುಶಃ ಅದೇ. ಉಳಿದ 6 ಕೆ.ಜಿ.ಗೆ ಕಾರಣ ಬೇರೆ ಕಡೆ ಹುಡುಕಬೇಕು. ಸುಸ್ತಿನ ದಿನಗಳಲ್ಲಿ ಓಡಾಟ ಕಡಿಮೆಯಾಗಿರುತ್ತದೆ, ಅಲ್ವಾ? ನಿದ್ದೆ ಹೇಗಿದೆ? ಬೇರೆ ಯಾವುದಾದರೂ ಔಷಧಿ ನಡೆಯುತ್ತಿದೆಯೇ? ಇದನ್ನೆಲ್ಲ ನಿಮ್ಮ ವೈದ್ಯರಿಗೆ ಹೇಳಿ.

ಬೇಕಾದದ್ದಕ್ಕಿಂತ ಜಾಸ್ತಿ ಹಾರ್ಮೋನ್ ಒಳಗೆ ಹೋದರೆ ತೂಕ ಸ್ವಲ್ಪ ಇಳಿಯಬಹುದು, ನಿಜ. ಆದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಎದೆ ಡವಡವ ಎನ್ನುತ್ತದೆ, ಕೈ ನಡುಗುತ್ತದೆ, ನಿದ್ದೆ ಹೋಗುತ್ತದೆ. ಹಾಗೇ ಮುಂದುವರಿದರೆ ಎದೆಬಡಿತದ ಲಯ ತಪ್ಪಬಹುದು. ಮೂಳೆ ಸವೆಯುತ್ತದೆ, ಮುಟ್ಟು ನಿಂತ ಮೇಲಂತೂ ಇನ್ನೂ ಬೇಗ. ಅಮೆರಿಕದಲ್ಲಿ ಈ ಔಷಧಿಯ ಮಾಹಿತಿ ಚೀಟಿಯಲ್ಲೇ, ಬೊಜ್ಜು ಇಳಿಸಲು ಇದನ್ನು ಬಳಸಬಾರದು ಎಂದು ಚೌಕಟ್ಟು ಹಾಕಿ ಎಚ್ಚರಿಸಿರುತ್ತಾರೆ. ಸುಮ್ನೆ ಹಾಕಿದ ಚೌಕಟ್ಟಲ್ಲ ಅದು.

2.4 ಬಂದಿದೆ ಎಂದರೆ ನೀವು ಮಾತ್ರೆ ತೆಗೆದುಕೊಳ್ಳುವ ರೀತಿ ಸರಿಯಾಗಿಯೇ ಇದೆ. ಟಿಎಸ್‌ಎಚ್ ಹಿಡಿತಕ್ಕೆ ಬರದವರು ಮಾತ್ರ ಮೊದಲು ಅದನ್ನು ನೋಡಿಕೊಳ್ಳಬೇಕು: ಖಾಲಿ ಹೊಟ್ಟೆ, ಬರೀ ನೀರು, ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿಯೂ ಬೇಡ, ತಿಂಡಿಯೂ ಬೇಡ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ರಕ್ತ ಪರೀಕ್ಷೆಗೆ ಮುಂಚೆ ಕನಿಷ್ಠ 2 ದಿನ ನಿಲ್ಲಿಸಿ. ಇಲ್ಲದಿದ್ದರೆ ರಿಪೋರ್ಟೇ ತಪ್ಪು ಬರಬಹುದು.

ಇನ್ನು ಆ 6 ಕೆ.ಜಿ. ‘ಥೈರಾಯ್ಡ್ ಡಯಟ್’ ಎಂದು ಪ್ರತ್ಯೇಕವಾದದ್ದೇನೂ ಇಲ್ಲ. ಹಾರ್ಮೋನ್ ಸರಿಯಿದ್ದಾಗ ನಿಮ್ಮ ಮೈಯೂ ಉಳಿದವರ ಮೈಯಂತೆಯೇ ಇಳಿಯುತ್ತದೆ: ಊಟದ ಪ್ರಮಾಣ ತುಸು ಕಡಿಮೆ, ಪ್ರೋಟೀನ್ ಸಾಕಷ್ಟು, ದಿನವೂ ನಡಿಗೆ. ವಾರಕ್ಕೆ ಎರಡು ದಿನವಾದರೂ ಭಾರ ಎತ್ತುವ ವ್ಯಾಯಾಮ ಮಾಡಿ. ಜನ ಬಿಟ್ಟುಬಿಡುವುದು ಇದನ್ನೇ, ಸ್ನಾಯು ಉಳಿಸುವುದೂ ಇದೇ. ತಿಂಗಳಿಗೆ 1 ಕೆ.ಜಿ. ಇಳಿದರೂ ಒಳ್ಳೆಯದೇ.

ತೂಕ ಚೆನ್ನಾಗಿ ಇಳಿದ ಮೇಲೆ ಟಿಎಸ್‌ಎಚ್ ಮತ್ತೆ ಮಾಡಿಸಿ, ಆಗ ಡೋಸ್ ಇಳಿಸಬೇಕಾಗಬಹುದು. ಡೋಸ್ ಬದಲಾದರೆ 6ರಿಂದ 8 ವಾರ ಬಿಟ್ಟು ಪರೀಕ್ಷೆ ಮಾಡಿಸಿ, ಅದಕ್ಕೂ ಮುಂಚೆ ಮಾಡಿಸಿದರೆ ಸರಿಯಾದ ಚಿತ್ರ ಸಿಗುವುದಿಲ್ಲ.